ತಗ್ಗಿಸಲ್ಪಡುವುದು, ತಗ್ಗಿಸಿಕೊಳ್ಳುವುದು: ಕನ್ನಡ ಕ್ರೈಸ್ತ ಬರವಣಿಗೆಯಲ್ಲಿ ದೀನತೆಯ ಪ್ರಶ್ನೆ

ಕನ್ನಡ ಕ್ರೈಸ್ತ ಬರವಣಿಗೆಯನ್ನು ಕುರಿತ ನಮ್ಮ ವಿದ್ವತ್ ಚರ್ಚೆಗಳು ಬಹುಮಟ್ಟಿಗೆ 'ಸೇವೆ' ಎಂಬ ಒಂದೇ ಪರಿಕಲ್ಪನೆಯ ಸುತ್ತ ಬೆಳೆದುಬಂದಿವೆ. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗ್ ಆರಂಭಿಸಿದ 'ಮಂಗಳೂರ ಸಮಾಚಾರ', ೧೮೭೨ರಲ್ಲಿ ಫರ್ಡಿನೆಂಡ್ ಕಿಟೆಲ್ ಸಂಪಾದಿಸಿದ 'ಶಬ್ದಮಣಿದರ್ಪಣ', ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟು ಇವು ಈ ಸೇವೆಯ ಸ್ತಂಭಗಳೆಂದು ಎಲ್ಲ ಸಾಹಿತ್ಯ ಚರಿತ್ರೆಗಳೂ ಒಪ್ಪುತ್ತವೆ. ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' (೧೯೭೪) ಈ ಕ್ಷೇತ್ರದಲ್ಲಿ ಮಾಡಿದ ಉಪಕಾರ ದೊಡ್ಡದು. ಅದಿಲ್ಲದೆ ನಾವು ಹತ್ತೊಂಬತ್ತನೆಯ ಶತಮಾನದ ಬಗೆಗೆ ಒಂದು ಹೆಜ್ಜೆಯನ್ನೂ ಇಡಲಾರೆವು. ಆದರೆ ಸೇವೆಯ ಲೆಕ್ಕ ಬರೆಯುವಾಗ ನಾವು ಒಂದು ಅನುಕೂಲಕರವಾದ ವಿಭಜನೆಯನ್ನು ಮಾಡಿಕೊಂಡಿದ್ದೇವೆ. ಮುದ್ರಣ, ವ್ಯಾಕರಣ, ನಿಘಂಟು, ಗದ್ಯ ಇವು ನಮಗೆ ಬೇಕಾದ ಕಾಳು. ಧರ್ಮಶ್ರದ್ಧೆ ಎಂಬುದು ತೂರಿಬಿಡಬೇಕಾದ ಹೊಟ್ಟು. ಹೀಗಾಗಿ ಒಂದು ಸರಳವಾದ ಪ್ರಶ್ನೆ ಕೇಳಲ್ಪಡದೆಯೇ ಉಳಿದಿದೆ: ಕ್ರೈಸ್ತನಾದವನು ತನ್ನ ದಿನನಿತ್ಯದ ಬದುಕನ್ನು ಕನ್ನಡದಲ್ಲಿ ಬದುಕಬೇಕಾಗಿ ಬಂದಾಗ, ಆ ಬದುಕಿಗೆ ಕನ್ನಡ ಯಾವ ಮಾತುಗಳನ್ನು ಕೊಟ್ಟಿತು? ಆ ಮಾತುಗಳು ಅವನನ್ನು ಏನು ಮಾಡಿದವು?

ಈ ಪ್ರಶ್ನೆಯನ್ನು ನಾವು ಹೈದರಾಬಾದಿನಿಂದ ಕೇಳುತ್ತಿರುವುದಕ್ಕೆ ಕಾರಣವುಂಟು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಅಮೆರಿಕನ್ ಮೆಥೋಡಿಸ್ಟ್ ಮಿಷನ್ನು ಈ ಕನ್ನಡ ಜಿಲ್ಲೆಗಳಲ್ಲಿಯೂ ತೆಲುಗು ಸೀಮೆಯಲ್ಲಿಯೂ ಏಕಕಾಲಕ್ಕೆ ಕೆಲಸ ಮಾಡಿತು. ಗಡಿ ರೇಖೆ ಎಳೆದ ಮೇಲೂ ಸಭೆಗಳ ಹೋಗುಬರುವಿಕೆ ನಿಲ್ಲಲಿಲ್ಲ. ತೆಲುಗು ಉಪದೇಶಕರ ಪಕ್ಕದಲ್ಲಿ ಒಬ್ಬರು ನಿಂತು ವಾಕ್ಯ ವಾಕ್ಯಕ್ಕೂ ಕನ್ನಡ ಮಾಡಿ ಹೇಳುವ ಕೂಟಗಳು ಈ ಸೀಮೆಯಲ್ಲಿ ಅಪರೂಪವಲ್ಲ. ಎರಡು ದ್ರಾವಿಡ ಭಾಷೆಗಳು ಒಂದೇ ಗ್ರಂಥದ ಒಂದೇ ಮಾತಿಗೆ ಮುಖಾಮುಖಿಯಾಗುವ ಇಂಥ ಸಂದರ್ಭದಲ್ಲಿ, ಒಂದೇ ಭಾಷೆಯೊಳಗೆ ಕುಳಿತವರಿಗೆ ಕಾಣದ ಕೆಲವು ಸಂಗತಿಗಳು ಕಾಣುತ್ತವೆ. ಪ್ರಸ್ತುತ ಲೇಖನದ ಚರ್ಚೆಯನ್ನು ನಾವು ಎರಡು ಗುಣಗಳಿಗೆ ಸೀಮಿತಗೊಳಿಸಿಕೊಂಡಿದ್ದೇವೆ: ದೀನತೆ ಮತ್ತು ದೇವರನ್ನು ಆಶ್ರಯಿಸಿ ನಡೆಯುವುದು. ಕ್ರೈಸ್ತ ಶ್ರದ್ಧೆಯ ದೈನಂದಿನ ರೂಪ ಮುಖ್ಯವಾಗಿ ಈ ಎರಡರಲ್ಲಿದೆ.

ಮೊದಲು ಪದಗಳನ್ನು ನೋಡೋಣ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ಆರಂಭಿಸಿದ ಅನುವಾದದ ಕೆಲಸ ೧೮೩೧ರ ವೇಳೆಗೆ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದಿತು. ಅನಂತರ ಬಾಸೆಲ್ ಮಿಷನ್ನಿನವರೂ ಸೇರಿ ಪರಿಷ್ಕರಣೆಗಳು ನಡೆದವು. ಇಂದು ಪ್ರೊಟೆಸ್ಟಂಟ್ ಸಭೆಗಳಲ್ಲಿ ರೂಢಿಯಲ್ಲಿರುವ ಕನ್ನಡ ಪಾಠದಲ್ಲಿ, ಮತ್ತಾಯನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಯೇಸು ತನ್ನನ್ನು ತಾನೇ ಬಣ್ಣಿಸಿಕೊಳ್ಳುವ ಕಡೆ 'ಸಾತ್ವಿಕ', 'ದೀನಮನಸ್ಸು' ಎಂಬ ಎರಡು ಶಬ್ದಗಳು ಬರುತ್ತವೆ. ತೆಲುಗು ಪಾಠದಲ್ಲಿಯೂ ಇದೇ ಜೋಡಿ ಇದೆ. ಎರಡೂ ಸಂಸ್ಕೃತದ ಶಬ್ದಗಳು. ಎರಡೂ ಈ ನೆಲದಲ್ಲಿ ತಮ್ಮದೇ ಆದ ಇತಿಹಾಸವುಳ್ಳವು.

'ಸಾತ್ವಿಕ' ಎಂಬುದು ತ್ರಿಗುಣ ವಿಚಾರದಿಂದ ಬಂದ ಶಬ್ದ. ಲೋಕರೂಢಿಯಲ್ಲಿ ಅದು ಆಹಾರದೊಂದಿಗೆ, ಮಡಿಯೊಂದಿಗೆ, ಮೆಲುದನಿಯೊಂದಿಗೆ ಕೂಡಿಕೊಂಡಿದೆ. ಸುಂಕದವರ ಜೊತೆಗೆ ಕುಳಿತು ಉಂಡವನೂ, ಕಡಲ ದಡದಲ್ಲಿ ಶಿಷ್ಯರಿಗೆ ಮೀನು ಸುಟ್ಟುಕೊಟ್ಟವನೂ ಆದ ವ್ಯಕ್ತಿ ಕನ್ನಡದಲ್ಲಿ 'ಸಾತ್ವಿಕ'ನಾದಾಗ, ಓದುಗನಿಗೆ ತಿಳಿಯದಂತೆಯೇ ಅವನು ಸಾಮಾಜಿಕವಾಗಿ ಒಂದು ಮೆಟ್ಟಲು ಮೇಲೇರಿಬಿಡುತ್ತಾನೆ. ಭಾಷಾಂತರಕಾರರನ್ನು ಇದಕ್ಕಾಗಿ ದೂರುವುದು ಸಲ್ಲದು. ಅವರಿಗೆ ನೆರವಾದ ಪಂಡಿತರ ಭಾಷಾಲೋಕ ಅಂಥದಾಗಿತ್ತು.

'ದೀನ' ಶಬ್ದದ ಕಥೆ ಇದಕ್ಕೆ ವಿರುದ್ಧವಾದುದು. ದೀನ ಎಂದರೆ ದುರವಸ್ಥೆಯಲ್ಲಿರುವವನು, ಕನಿಕರಕ್ಕೆ ಪಾತ್ರನಾದವನು. ಅದು ಸ್ಥಿತಿಯೇ ಹೊರತು ಗುಣವಲ್ಲ; ಯಾರೂ ದೀನನಾಗಲು ಹಂಬಲಿಸುವುದಿಲ್ಲ. ಮೂಲ ಗ್ರೀಕಿನ 'ತಪೆಯಿನೋಸ್' ಎಂಬ ಶಬ್ದಕ್ಕೂ ಇದೇ ಗತಿಯಿತ್ತು. ಗ್ರೀಕರ ಬಾಯಲ್ಲಿ ಅದು ಕೀಳಾದವನನ್ನು, ದಾಸ್ಯದ ನಡೆಯುಳ್ಳವನನ್ನು ಹೇಳುವ ಹೀನಾರ್ಥದ ಮಾತು. ಆದಿ ಕ್ರೈಸ್ತರು ಅದನ್ನು ಎತ್ತಿ ಸದ್ಗುಣವಾಗಿಸಿದರು. ಕನ್ನಡದ 'ದೀನತೆ'ಯೂ ಸಭೆಗಳ ಬಳಕೆಯಲ್ಲಿ ಇದೇ ಹಾದಿಯನ್ನು ತುಳಿಯಿತು. ಆದರೆ ಸಭೆಯ ಹೊರಗಿನ ಕನ್ನಡದಲ್ಲಿ ಶಬ್ದದ ಹಳೆಯ ಅರ್ಥ ಹಾಗೆಯೇ ಉಳಿದುಕೊಂಡಿತು. ಪರಿಣಾಮವಾಗಿ ಕ್ರೈಸ್ತನೊಬ್ಬನು ತಾನು ದೀನನಾಗಬೇಕೆಂದು ಪ್ರಾರ್ಥಿಸಿದಾಗ, ಹೊರಗೆ ನಿಂತು ಕೇಳುವವನಿಗೆ ಅದು ಬಡತನದ ಮೊರೆಯಂತೆ ಕೇಳಿಸುತ್ತದೆ.

ಈ ಎರಡು ಸಂಸ್ಕೃತ ಶಬ್ದಗಳ ನಡುವೆ ಅಚ್ಚಗನ್ನಡದ ಒಂದು ಕ್ರಿಯಾಪದ ಕನ್ನಡ ಬೈಬಲಿನಲ್ಲಿ ಇದೆ. ನಮ್ಮ ವಿಮರ್ಶೆಯ ಗಮನ ಅದರ ಮೇಲೆ ಬಿದ್ದಂತಿಲ್ಲ. 'ತಗ್ಗಿಸಿಕೊಳ್ಳು' ಎಂಬುದೇ ಆ ಪದ. ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಕ್ರಿಸ್ತನ ಅವತರಣವನ್ನು ಹೇಳುವಾಗ ಇದು ಬರುತ್ತದೆ, ಸುವಾರ್ತೆಗಳಲ್ಲಿಯೂ ಬರುತ್ತದೆ. ತೆಲುಗಿನಲ್ಲಿ ಇದರ ಜ್ಞಾತಿಯಾದ 'ತಗ್ಗಿಂಚುಕೊನು' ಇದೆ. ತಗ್ಗು ಎಂಬ ಧಾತು ಎರಡು ಭಾಷೆಗಳಿಗೂ ಸಮಾನ. ಕೊಳ್, ಕೊನು ಎಂಬ ಆತ್ಮಾರ್ಥಕ ಸಹಾಯಕ ಕ್ರಿಯೆಗಳೂ ಸೋದರಗಳೇ. 'ದೀನ'ದಲ್ಲಿ ಇಲ್ಲದ ಕರ್ತೃತ್ವ ಈ 'ಕೊಳ್'ನಲ್ಲಿದೆ. ತಗ್ಗಿಸಿಕೊಳ್ಳುವವನು ತಾನೇ ಮಾಡುತ್ತಾನೆ, ತನ್ನ ಮೇಲೆಯೇ ಮಾಡಿಕೊಳ್ಳುತ್ತಾನೆ. ಬೇಡವೆಂದರೆ ಮಾಡದಿರಲೂ ಬಲ್ಲ. ಸುವಾರ್ತೆಯ ಆ ಪ್ರಸಿದ್ಧ ವಾಕ್ಯದಲ್ಲಿಯೇ 'ತಗ್ಗಿಸಲ್ಪಡು' ಎಂಬ ಕರ್ಮಣಿ ರೂಪವೂ ಎದುರುಬದುರಾಗಿ ನಿಂತಿದೆ. 'ಅಲ್ಪಡು' ಕನ್ನಡದ ಆಡುಮಾತಿಗೆ ಒಗ್ಗದ ಪುಸ್ತಕದ ರೂಪವೆಂದು ನಾವು ಆಕ್ಷೇಪಿಸುತ್ತಲೇ ಬಂದಿದ್ದೇವೆ. ಆದರೆ ಇಲ್ಲಿ ಅದು ಒಂದು ಕೆಲಸ ಮಾಡುತ್ತದೆ: ತಗ್ಗಿಸಿದವರು ಯಾರೆಂಬುದನ್ನು ಹೇಳದೆ, ತಗ್ಗಿದವನೊಬ್ಬನಿದ್ದಾನೆ ಎಂಬುದನ್ನು ಮಾತ್ರ ಹೇಳುತ್ತದೆ.

ವ್ಯಾಕರಣದ ಈ ಭೇದ ನಮಗೆ ಮುಖ್ಯವೆನಿಸುವುದು ಸಮಾಜದ ಕಾರಣದಿಂದ. ನಿಜಾಮರ ಸೀಮೆಯ ಹಳ್ಳಿಗಳಲ್ಲಿ ಕ್ರೈಸ್ತರಾದವರಲ್ಲಿ ಬಹುಸಂಖ್ಯಾತರು ಹೊಲೆಯ, ಮಾದಿಗ, ಮಾಲ ಸಮುದಾಯಗಳವರು. ಊರ ಹೊರಗಿನ ಕೇರಿ, ಬಿಟ್ಟಿ ದುಡಿಮೆ, ಬಾವಿಯ ನಿಷೇಧ ಇವುಗಳ ಮೂಲಕ ಅವರನ್ನು ತಲೆಮಾರುಗಳಿಂದ ತಗ್ಗಿಸಲಾಗಿತ್ತು. ಅಂಥವರ ಎದುರಿಗೆ ನಿಂತು ದೀನರಾಗಿರಿ ಎಂದು ಬೋಧಿಸುವುದರ ಅರ್ಥವೇನು? ಈಗಾಗಲೇ ನೆಲಕ್ಕೆ ಕೆಡವಲ್ಪಟ್ಟವನು ಇನ್ನೆಷ್ಟು ಬಾಗಬೇಕು? ಬೋಧಕನ ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ, 'ದೀನತೆ' ಎಂಬ ಶಬ್ದ ಇಂಥ ಸಭೆಯಲ್ಲಿ ಜಾತಿಯ ಹಳೆಯ ಆಜ್ಞೆಗೆ ದೇವರ ಮುದ್ರೆ ಒತ್ತಿದಂತೆ ಆಗುವ ಅಪಾಯವಿದೆ. 'ತಗ್ಗಿಸಿಕೊಳ್ಳು' ಎಂಬುದು ಹಾಗಲ್ಲ. ತಗ್ಗಿಸಿಕೊಳ್ಳಬೇಕಾದರೆ ಮೊದಲು ನೆಟ್ಟಗೆ ನಿಂತಿರಬೇಕು. ಆ ಕ್ರಿಯಾಪದ ತನ್ನ ಕರ್ತೃವಿಗೆ ಒಂದು ಎತ್ತರವನ್ನು ಮುಂಗಡವಾಗಿಯೇ ಕೊಟ್ಟಿರುತ್ತದೆ.

ಪ್ರಭುತ್ವ ಈ ವಿಷಯವನ್ನು ಇನ್ನೊಂದು ರೀತಿಯಲ್ಲಿ ಜಟಿಲಗೊಳಿಸಿತು. ೧೯೫೦ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂ ಧರ್ಮೇತರರನ್ನು ಪಟ್ಟಿಯಿಂದ ಹೊರಗಿಟ್ಟಿತು. ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು, ಕ್ರೈಸ್ತರಿಗೆ ತೆರೆಯಲಿಲ್ಲ. ಆಂಧ್ರದಲ್ಲಿ, ಮುಂದೆ ತೆಲಂಗಾಣದಲ್ಲಿಯೂ, ಅವರನ್ನು ಹಿಂದುಳಿದ ವರ್ಗಗಳ 'ಸಿ' ಗುಂಪಿನಲ್ಲಿ ಇರಿಸಲಾಗಿದೆ. ದೀಕ್ಷಾಸ್ನಾನವಾದ ಕ್ಷಣದಿಂದ ಯಾರೂ ಇವರನ್ನು ತಗ್ಗಿಸಿಲ್ಲ ಎಂಬ ಊಹೆ ಕಾಗದದಲ್ಲಿದೆ. ಹಳ್ಳಿಯ ಕೇರಿಗೆ ಈ ಕಾಗದ ತಲುಪಿದಂತಿಲ್ಲ.

ಈ ಹಿನ್ನೆಲೆಯಲ್ಲಿ ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು (೧೮೮೧–೧೯೬೨) ಮತ್ತೆ ಓದಬೇಕಾಗಿದೆ. ಹೊರನಾಡಿನ ಸಂಶೋಧಕರಿಗೆ ಅವರ ಪರಿಚಯ ಸ್ವಲ್ಪ ಬೇಕಾದೀತು. ಲಿಂಗಾಯತ ಮೂಲದ ಕ್ರೈಸ್ತ ಕುಟುಂಬದಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ ದುಡಿದ ಚನ್ನಪ್ಪನವರು ೧೯೨೪ರಲ್ಲಿ ಸರ್ವಜ್ಞನ ವಚನಗಳ ಸಂಗ್ರಹವನ್ನು ಪ್ರಕಟಿಸಿದರು. ಓಲೆಗರಿಗಳನ್ನೂ ಜನರ ನಾಲಿಗೆಯನ್ನೂ ಅರಸಿ ಸಿದ್ಧಪಡಿಸಿದ ಆ ಸಂಗ್ರಹ ಸರ್ವಜ್ಞನ ಅಧ್ಯಯನಕ್ಕೆ ತಳಹದಿಯಾಯಿತು. ಮೋಳಿಗೆ ಮಾರಯ್ಯ, ಮಹಾದೇವಿ, ಸಿದ್ಧರಾಮ, ಆದಯ್ಯ ಇವರ ವಚನಗಳನ್ನು ಸಂಪಾದಿಸಿದರು. ಅನುಭವಮಂಟಪದ ಐತಿಹಾಸಿಕತೆಯನ್ನು ಸಾಧಿಸಿ ಒಂದು ಗ್ರಂಥ ಬರೆದರು. ೧೯೪೯ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹೈದರಾಬಾದ್ ಸಂಸ್ಥಾನ ಭಾರತ ಒಕ್ಕೂಟದ ಆಡಳಿತಕ್ಕೆ ಬಂದ ಮರುವರ್ಷವೇ, ಕಲ್ಯಾಣದ ನೆಲಕ್ಕೆ ಹತ್ತಿರದ ಊರಿನಲ್ಲಿ, ವಚನಗಳ ಸಂಪಾದಕನಾದ ಕ್ರೈಸ್ತ ಪಾದ್ರಿಯೊಬ್ಬರು ಕನ್ನಡದ ಅಧ್ಯಕ್ಷಪೀಠದಲ್ಲಿ ಕುಳಿತರೆಂಬುದು ಚರಿತ್ರೆಯ ಒಂದು ಅಪೂರ್ವ ಸಂಧಿ.

ಚನ್ನಪ್ಪನವರಿಗೆ 'ತಿರುಳ್ಗನ್ನಡದ ತಿರುಕ' ಎಂಬ ಹೆಸರು ಅಂಟಿಕೊಂಡಿತು. ಸಮಾರಂಭಗಳಲ್ಲಿ ಇದನ್ನು ಅಲಂಕಾರದಂತೆ ಬಳಸಿ ನಾವು ಸವೆಸಿದ್ದೇವೆ. ಆದರೆ 'ತಿರುಕ'ನೂ 'ದೀನ'ನೂ ಒಂದಲ್ಲ. ತಿರಿ ಎಂಬ ಧಾತುವಿಗೆ ಅಲೆ ಎಂಬ ಅರ್ಥವೂ ಬೇಡು ಎಂಬ ಅರ್ಥವೂ ಇದೆ. ತಿರುಕನು ಕುಳಿತಲ್ಲಿ ಕನಿಕರಕ್ಕೆ ಕಾಯುವವನಲ್ಲ, ಎದ್ದು ಹೊರಡುವವನು. ನಾಳೆಯ ಗಂಟನ್ನು ಕಟ್ಟಿಕೊಳ್ಳದೆ ಇಂದಿನ ಮನೆಬಾಗಿಲನ್ನು ನಂಬುವವನು. ದೇವರನ್ನು ಆಶ್ರಯಿಸಿ ನಡೆಯುವುದು ಎಂಬ ಕ್ರೈಸ್ತ ಕಲ್ಪನೆಗೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಮಾತನ್ನು ನಾವು ಕಾಣೆವು. ಸರ್ವಜ್ಞನೂ ತಿರುಕನೇ. ಅವನ ನಾಲಿಗೆಯಲ್ಲಿ ಸಾತ್ವಿಕತೆಯ ಲೇಶವೂ ಇಲ್ಲ. ಪುರೋಹಿತನನ್ನೂ ಜಿಪುಣನನ್ನೂ ಚುಚ್ಚಿ ಮಾತಾಡುತ್ತಾನೆ. ಸಭಾಪಾಲಕರೊಬ್ಬರು ತಮ್ಮ ಬಾಳಿನ ಹಲವು ವರ್ಷಗಳನ್ನು ಇಂಥ ಒರಟು ಕವಿಗೆ ಕೊಟ್ಟರೆಂದರೆ, ಅವರು ತಿಳಿದ ದೀನತೆ ಮೆಲುದನಿಯದಾಗಿರಲಿಲ್ಲವೆಂದು ಊಹಿಸಬಹುದು.

ಮೋಳಿಗೆ ಮಾರಯ್ಯನ ಆಯ್ಕೆಯೂ ಅಷ್ಟೇ ಅರ್ಥಪೂರ್ಣ. ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊತ್ತು ಮಾರಿ ಜೀವಿಸಿದನೆಂದು ಪರಂಪರೆ ಹೇಳುವ ಈ ಶರಣನ ಕಥೆ, ಫಿಲಿಪ್ಪಿಯವರಿಗೆ ಬರೆದ ಪತ್ರದ ಇಳಿತದ ಚಿತ್ರವನ್ನು ಕ್ರೈಸ್ತ ಓದುಗನಿಗೆ ನೆನಪಿಗೆ ತಾರದಿರದು. ತನ್ನನ್ನು ಎಲ್ಲರಿಗಿಂತ ಕಿರಿಯನೆಂದು ಕರೆದುಕೊಂಡ ಬಸವಣ್ಣನೂ ಬಿಜ್ಜಳನ ಭಂಡಾರದ ಅಧಿಕಾರಿಯಾಗಿದ್ದವನು. ಇಲ್ಲಿಯೇ ನಮ್ಮ ತಕರಾರೂ ಹುಟ್ಟುತ್ತದೆ. ಅರಸು ಇಳಿದು ಕಟ್ಟಿಗೆಯವನಾಗಬಹುದು, ಮಂತ್ರಿ ಇಳಿದು ಕಿಂಕರನಾಗಬಹುದು. ಮಾದಾರ ಚೆನ್ನಯ್ಯ ಎಲ್ಲಿಂದ ಇಳಿಯಬೇಕು? ಚನ್ನಪ್ಪನವರ ಕಣ್ಣು ಇಳಿದು ಬಂದವರ ಕಡೆಗೆ ಸಹಜವಾಗಿ ತಿರುಗುತ್ತಿತ್ತು. ಅಸ್ಪೃಶ್ಯರ ಉದ್ಧಾರವನ್ನು ಬಸವಣ್ಣನೊಂದಿಗೆ ಕೂಡಿಸಿ ಅವರು ಬರೆದದ್ದುಂಟು, ಅದರ ಪ್ರಾಮಾಣಿಕತೆಯ ಬಗೆಗೆ ಸಂದೇಹವಿಲ್ಲ. ಆದರೆ 'ಉದ್ಧಾರ' ಎಂಬುದು ಮೇಲಿನವನು ಕೈಚಾಚುವ ಮಾತು.

ಅವರ ಇನ್ನೊಂದು ಕೃತಿಯ ಶೀರ್ಷಿಕೆ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಶೀರ್ಷಿಕೆಯಷ್ಟನ್ನೇ ಓದಿದರೂ ಹತ್ತೊಂಬತ್ತನೆಯ ಶತಮಾನದ ಖಂಡನಾತ್ಮಕ ಕರಪತ್ರಗಳಿಂದ ಕನ್ನಡ ಕ್ರೈಸ್ತ ಬರವಣಿಗೆ ಎಷ್ಟು ದೂರ ಬಂದಿತೆಂಬುದು ತಿಳಿಯುತ್ತದೆ. ಇಲ್ಲಿ ವಾದವಿಲ್ಲ, ವಿನಂತಿಯಿದೆ. ಬೆತ್ಲೆಹೇಮು ತನ್ನನ್ನು ತಗ್ಗಿಸಿಕೊಂಡು ಬನಾರಸದ ಬಾಗಿಲಲ್ಲಿ ನಿಂತಿದೆ. ಸರಿಯೇ. ಆದರೆ ಅದೇ ಕಾಶಿಯ ಕಡೆಗೆ, ಎರಡು ದಶಕಗಳ ಅನಂತರ, ತೆಲುಗಿನಿಂದ ಇನ್ನೊಂದು ಸಂದೇಶ ಹೊರಟಿತು. ಗುರ್ರಂ ಜಾಷುವಾ (೧೮೯೫–೧೯೭೧) ಬರೆದ 'ಗಬ್ಬಿಲಂ' (೧೯೪೧) ಕಾವ್ಯದಲ್ಲಿ ಅಸ್ಪೃಶ್ಯನೊಬ್ಬನು ಬಾವಲಿಯೊಂದನ್ನು ದೂತನಾಗಿ ಶಿವನಲ್ಲಿಗೆ ಕಳುಹಿಸುತ್ತಾನೆ. ತನಗೆ ಗುಡಿಯೊಳಗೆ ಪ್ರವೇಶವಿಲ್ಲ, ಬಾವಲಿಗೆ ತಡೆಯಿಲ್ಲ. ಮೇಘದೂತದ ಮಾದರಿಯನ್ನು ಹಿಡಿದು ಬರೆದ ಕವಿ ಸ್ವತಃ ಕ್ರೈಸ್ತ ಮನೆಯಲ್ಲಿ ಹುಟ್ಟಿದವರು. ಅವರ 'ಕ್ರೀಸ್ತು ಚರಿತ್ರ'ಕ್ಕೆ ೧೯೬೪ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಚನ್ನಪ್ಪನವರದು ವಿನಂತಿ, ಜಾಷುವಾ ಅವರದು ಮೊರೆ. ವಿನಂತಿ ಮಾಡುವವನಿಗೆ ನಿರಾಕರಣೆಯನ್ನು ತಾಳಿಕೊಳ್ಳುವಷ್ಟು ನೆಲೆ ಇರುತ್ತದೆ; ಮೊರೆಯಿಡುವವನಿಗೆ ಅದಿಲ್ಲ. ದೇವರನ್ನು ಆಶ್ರಯಿಸುವುದು ಎಂದರೆ ಸುಮ್ಮನಿರುವುದಲ್ಲ, ದೇವರ ಮುಂದೆ ದೂರು ಹೇಳುವುದೂ ಆಶ್ರಯವೇ ಎಂಬ ಅರಿವು ಬೈಬಲಿನ ಕೀರ್ತನೆಗಳಲ್ಲಿ ಧಾರಾಳವಾಗಿದೆ. ತೆಲುಗು ಕಾವ್ಯ ಅದನ್ನು ಕೈಗೆತ್ತಿಕೊಂಡಿತು. ಕನ್ನಡ ಕ್ರೈಸ್ತ ಬರವಣಿಗೆ ವಿನಂತಿಯ ಸಭ್ಯತೆಯಲ್ಲಿಯೇ ಬಹುಕಾಲ ನಿಂತುಬಿಟ್ಟಿತೆಂಬುದು ನಮ್ಮ ಅಭಿಪ್ರಾಯ. ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಕನ್ನಡದಲ್ಲಿ ಕ್ರಿಸ್ತನನ್ನು ಕುರಿತ ಶ್ರೇಷ್ಠ ಕಾವ್ಯವೆಂಬುದರಲ್ಲಿ ಎರಡು ಮಾತಿಲ್ಲ; ಆದರೆ ಅದರ ಪ್ರೌಢ ಶೈಲಿಯಲ್ಲಿ ಯಾತನೆ ಭವ್ಯವಾಗುತ್ತದೆ, ದಿನದ ಬಾಳಿನ ಮಟ್ಟಕ್ಕೆ ಇಳಿಯುವುದಿಲ್ಲ.

ಆಶ್ರಯದ ಇನ್ನೊಂದು ಮುಖವನ್ನು ಹೈದರಾಬಾದ್ ನಗರವೇ ತೋರಿಸುತ್ತದೆ. ಪಂಜಾಬಿನ ಸಿಖ್ ಮನೆತನದಲ್ಲಿ ಹುಟ್ಟಿ, ಕೆನಡಾದಲ್ಲಿದ್ದಾಗ ಕ್ರೈಸ್ತ ನಂಬಿಕೆಗೆ ಬಂದು, ೧೯೩೩ರಲ್ಲಿ ಭಾರತಕ್ಕೆ ಮರಳಿದ ಭಕ್ತ ಸಿಂಗ್ (೧೯೦೩–೨೦೦೦) ೧೯೫೦ರಲ್ಲಿ ಇಲ್ಲಿ 'ಹೆಬ್ರೋನ್' ಎಂಬ ಕೇಂದ್ರವನ್ನು ಸ್ಥಾಪಿಸಿದರು. ಸೇವಕರಿಗೆ ನಿಗದಿತ ಸಂಬಳವಿಲ್ಲ. ಹಣಕ್ಕಾಗಿ ಯಾರನ್ನೂ ಕೇಳುವಂತಿಲ್ಲ, ಅಗತ್ಯಗಳನ್ನು ಪ್ರಾರ್ಥನೆಯಲ್ಲಿ ದೇವರ ಮುಂದಿಡಬೇಕು. ಆರಾಧನೆಗೆ ಬಂದವರು ನೆಲದ ಮೇಲೆ ಹಾಸಿದ ಚಾಪೆಗಳಲ್ಲಿ ಕುಳಿತು, ಅನಂತರ ಒಟ್ಟಿಗೆ ಉಣ್ಣುತ್ತಿದ್ದರು. ಬಾಸೆಲ್ ಮಿಷನ್ನಿನ ಮಾರ್ಗ ಇದಕ್ಕೆ ತೀರ ಭಿನ್ನ: ಅದು ಜಾತಿಯನ್ನೂ ಕಸುಬನ್ನೂ ಕಳೆದುಕೊಂಡ ಹೊಸ ಕ್ರೈಸ್ತರಿಗಾಗಿ ನೇಯ್ಗೆಯ ಕಾರ್ಖಾನೆ ತೆರೆಯಿತು, ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿತು, ಗಂಟೆ ಹೊಡೆಸಿ ಕೂಲಿ ಕೊಟ್ಟಿತು. ಅಲ್ಲಿ ಅನುದಿನದ ಆಹಾರವೆಂದರೆ ವಾರದ ಪಗಾರ.

ಭಕ್ತ ಸಿಂಗರ ಪರಂಪರೆಯನ್ನು ಆದರ್ಶೀಕರಿಸುವುದು ನಮ್ಮ ಉದ್ದೇಶವಲ್ಲ. ಸಂಬಳವಿಲ್ಲದ ಸೇವಕನು ದೇವರನ್ನು ನಂಬುತ್ತಾನೆಂದರೆ, ವ್ಯವಹಾರದಲ್ಲಿ ಅವನು ಪಕ್ಕದ ಚಾಪೆಯವನ ಉದಾರತೆಯನ್ನು ನಂಬುತ್ತಾನೆ; ಆ ಪಕ್ಕದವನು ಬಹುತೇಕ ಕೂಲಿಕಾರನೇ. ಆದರೂ ಚಾಪೆಯ ವಿಷಯ ಸಣ್ಣದಲ್ಲ. ಎಲ್ಲರೂ ನೆಲದ ಮೇಲೆ ಕುಳಿತಾಗ ಕೇರಿಯವನಿಗೆ ಅದು ಹೊಸದೇನೂ ಅಲ್ಲ. ಕುರ್ಚಿಯನ್ನು ಬಿಟ್ಟು ಬಂದವನಿಗೆ ಹೊಸದು. ತಗ್ಗಿಸಲ್ಪಟ್ಟವನೂ ತಗ್ಗಿಸಿಕೊಂಡವನೂ ಒಂದೇ ಪಂಕ್ತಿಯಲ್ಲಿ ಒಂದೇ ಅನ್ನವನ್ನು ಉಣ್ಣುವ ಈ ವ್ಯವಸ್ಥೆಗೆ ಕನ್ನಡದಲ್ಲಿ ಹತ್ತಿರದ ಹೆಸರು ಬೇಕಿದ್ದರೆ ಅದು ದಾಸೋಹ. ಆಯ್ದಕ್ಕಿ ಲಕ್ಕಮ್ಮ ತನ್ನ ಗಂಡ ತಂದ ಹೆಚ್ಚುವರಿ ಅಕ್ಕಿಯನ್ನು ಮರಳಿ ಸುರಿದು ಬರಲು ಕಳುಹಿಸಿದ ಪ್ರಸಂಗ ಇಲ್ಲಿ ನೆನಪಾಗುವುದು ಸಹಜ. ಇಂದಿನ ಪಾಲು ಇಂದಿಗೆ ಸಾಕೆಂದು ಹೇಳಿದ ಆಕೆ ಅರಸುತನದಿಂದ ಇಳಿದು ಬಂದವಳಲ್ಲ, ಬಡವಿ. ಇಳಿಯಲು ಎತ್ತರವೇ ಇಲ್ಲದ ಕಡೆಯಲ್ಲಿಯೂ ತಾನಾಗಿ ಮಾಡಿಕೊಳ್ಳುವ ಕ್ರಿಯೆಯೊಂದು ಸಾಧ್ಯವೆಂಬುದಕ್ಕೆ ಚನ್ನಪ್ಪನವರು ಪ್ರೀತಿಸಿದ ವಚನ ಪರಂಪರೆಯೊಳಗೇ ಸಾಕ್ಷಿಯಿತ್ತು. ಮಾರಯ್ಯ–ಮಹಾದೇವಿಯರ ಬದಲು ಆಯ್ದಕ್ಕಿಯ ದಂಪತಿಗಳನ್ನು ಅವರು ಕೈಗೆತ್ತಿಕೊಂಡಿದ್ದರೆ ನಮ್ಮ ಚರ್ಚೆ ಬೇರೆಯಾಗುತ್ತಿತ್ತೇನೋ.

ತೆಲುಗು ಸಭೆಗಳ ಆಡುಮಾತಿನಲ್ಲಿ 'ತಗ್ಗಿಂಪು' ಎಂಬ ನಾಮಪದ ಚೆನ್ನಾಗಿ ಬೇರೂರಿದೆ. ತಗ್ಗಿಂಪಿನ ಜೀವನ ಎಂಬುದು ಅಲ್ಲಿಯ ಉಪದೇಶಗಳ ನಿತ್ಯದ ಮಾತು. ಕನ್ನಡದಲ್ಲಿ ಕ್ರಿಯಾಪದವಿದ್ದರೂ ಅದರಿಂದ ಇಂಥ ನಾಮಪದ ಹುಟ್ಟಿ ನಿಲ್ಲಲಿಲ್ಲ. 'ತಗ್ಗಿಸಿಕೊಳ್ಳುವಿಕೆ' ನಾಲಿಗೆಗೆ ಭಾರ. ಆದ್ದರಿಂದ ನಮ್ಮ ಉಪದೇಶಕರು ಮತ್ತೆ ಮತ್ತೆ 'ದೀನತೆ'ಗೇ ಮರಳುತ್ತಾರೆ. ಬೀದರ ಸೀಮೆಯ ಒಂದು ಕೂಟದಲ್ಲಿ ನಾವು ಕೇಳಿದ್ದನ್ನು ಇಲ್ಲಿ ದಾಖಲಿಸುವುದು ಉಚಿತ. ಹೈದರಾಬಾದಿನಿಂದ ಬಂದ ಉಪದೇಶಕರು ತಗ್ಗಿಂಪು ಎಂದರು. ಪಕ್ಕದಲ್ಲಿ ನಿಂತ ಅನುವಾದಕರು, ನಡುವಯಸ್ಸಿನ ಕೃಷಿ ಕೂಲಿಕಾರರು, ದೀನತೆ ಎಂದು ಆರಂಭಿಸಿ ತಡೆದರು. ಅನಂತರ ಸಭೆಯ ಕಡೆಗೆ ತಿರುಗಿ, "ಯಾರರೆ ಬಗ್ಗಸೂದಲ್ರೀ, ನಾವಾಗೇ ಬಗ್ಗೂದು" ಎಂದರು. ಹೆಂಗಸರ ಸಾಲಿನಲ್ಲಿ ಯಾರೋ ನಕ್ಕರು. ಉಪದೇಶಕರು ಮಾತು ನಿಲ್ಲಿಸಿ, ಏನೆಂದಿರಿ ಎಂದು ತೆಲುಗಿನಲ್ಲಿ ಅವರನ್ನೇ ಕೇಳಿದರು.